ಮೀನುಗಾರಿಕೆ ದೋಣಿಗೆ ಹೊಸ ವೈರಿಂಗ್: ಬ್ಯಾಟರಿಯಿಂದ ಮಾಸ್ಟ್ ಲೈಟಿನವರೆಗೆ

ದೋಣಿಯಲ್ಲಿ ಲೈಟ್ ಮಂಕಾದರೆ ಮೊದಲು ಬೈಗುಳ ತಿನ್ನುವುದು ಬ್ಯಾಟರಿ. ಹೊಸದು ತಂದು ಹಾಕುತ್ತಾರೆ, ಕೆಲವು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕತೆ. ಹತ್ತರಲ್ಲಿ ಒಂಬತ್ತು ಸಲ ಹಾಳಾಗಿರುವುದು ಬ್ಯಾಟರಿ ಅಲ್ಲ, ಜಾಯಿಂಟ್. ಎರಡು ವೈರ್ ಹೊಸೆದು ಕಪ್ಪು ಟೇಪ್ ಸುತ್ತಿದ ಒಂದೊಂದು ಜಾಗವೂ ಉಪ್ಪುನೀರಿಗೆ ತೆರೆದಿಟ್ಟ ಬಾಗಿಲು. ಅದಕ್ಕೇ ಈ ಕೆಲಸಕ್ಕೆ ಇಳಿಯುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ: ಪ್ಯಾನೆಲ್‌ನಿಂದ, ಅಂದರೆ ಸ್ವಿಚ್ ಫ್ಯೂಸ್ ಇರುವ ಬೋರ್ಡಿನಿಂದ, ಹೊರಟ ವೈರ್ ನಡುವೆ ಎಲ್ಲೂ ತುಂಡಾಗದೆ ಸೀದಾ ಲೈಟ್, ಪಂಪಿನಂಥ ಸಾಮಾನಿನ ಹತ್ತಿರ ಹೋಗಬೇಕು. ಪ್ರತಿ ಸಾಮಾನಿಗೂ ತನ್ನದೇ ಜೋಡಿ ವೈರ್, ತನ್ನದೇ ಫ್ಯೂಸ್. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಇಲ್ಲಿ ಹೇಳುವುದು ಮಲ್ಪೆ, ಗಂಗೊಳ್ಳಿ, ಭಟ್ಕಳ, ಕಾರವಾರದ ಕಡೆ ಕಾಣುವ 28–32 ಅಡಿಯ ಫೈಬರ್ ದೋಣಿಯ ಲೆಕ್ಕದಲ್ಲಿ. ಒಳಗೆ ಸಣ್ಣ ಡೀಸೆಲ್ ಎಂಜಿನ್, ಸೆಲ್ಫ್ ಸ್ಟಾರ್ಟ್, 12 ವೋಲ್ಟ್, ಸಂಜೆ ಹೋಗಿ ಬಲೆ ಬಿಟ್ಟು ಬೆಳಿಗ್ಗೆ ಬರುವ ಕೆಲಸ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಔಟ್‌ಬೋರ್ಡ್ ಇದ್ದರೆ ಸ್ಟಾರ್ಟರ್ ಬ್ಯಾಟರಿಯ ಮಾತು ಬಿಟ್ಟು ಉಳಿದದ್ದನ್ನು ಓದಿ.

ಯಾವಾಗ ಮಾಡೋದು? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ರಜೆ. ದೋಣಿ ಮೇಲಿರುತ್ತದೆ, ಕೈಯಲ್ಲಿ ಸಮಯವೂ ಇರುತ್ತದೆ. ಆದರೆ ಮಳೆಗಾಲದ ಗಾಳಿಯಲ್ಲೇ ನೀರಿರುತ್ತದೆ ಅಲ್ವಾ, ಆ ತೇವವನ್ನೇ ಒಳಗಿಟ್ಟು ಜಾಯಿಂಟ್ ಸೀಲ್ ಮಾಡಿದರೆ ಮಾಡಿದ್ದು ವ್ಯರ್ಥ. ಹಳೆ ವೈರ್ ಬಿಚ್ಚುವುದು, ಅಳತೆ, ಪೈಪ್ ಕೂರಿಸುವುದು ಮಳೆಯಲ್ಲೇ ಆಗಲಿ. ಕ್ರಿಂಪಿಂಗ್ (ವೈರಿನ ತುದಿಗೆ ಲೋಹದ ಲಗ್ ಒತ್ತಿ ಕೂರಿಸುವುದು) ಮತ್ತು ಪ್ಯಾನೆಲ್ ಕೆಲಸವನ್ನು ಮನೆ ಜಗಲಿಯಲ್ಲೋ ಶೆಡ್ಡಿನಲ್ಲೋ ಒಣ ಜಾಗದಲ್ಲಿ ಕೂತು ಮುಗಿಸಿ. ಪ್ಯಾನೆಲ್ ಬೋರ್ಡನ್ನು ಪೂರ್ತಿ ಮನೆಯಲ್ಲೇ ಕಟ್ಟಿ ತಂದು ದೋಣಿಯಲ್ಲಿ ನಾಲ್ಕು ಸ್ಕ್ರೂ ಹಾಕಿದರೆ ಸಾಕು.

ಹಳೆಯದನ್ನು ಬಿಚ್ಚುವುದು

ಮೊದಲು ಮೊಬೈಲ್‌ನಲ್ಲಿ ಎಲ್ಲ ಕಡೆಯ ಫೋಟೋ ತೆಗೆಯಿರಿ. ಎಂಜಿನ್ ಪಕ್ಕದ ವೈರ್‌ಗಳನ್ನು ಹತ್ತಿರದಿಂದ ತೆಗೆಯಿರಿ, ಸ್ಟಾರ್ಟರ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಆಯಿಲ್ ಪ್ರೆಷರ್ ವೈರ್ ಯಾವುದು ಎಲ್ಲಿ ಅಂತ ಆಮೇಲೆ ನೆನಪಿರುವುದಿಲ್ಲ.

ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಇದು ಸುಮ್ನೆ ಶಾಸ್ತ್ರ ಅಲ್ಲ. ನೆಗೆಟಿವ್ ಎಂಜಿನ್ ಬಾಡಿಗೆ ಸೇರಿರುತ್ತದೆ. ಅದಿರುವಾಗ ಪಾಸಿಟಿವ್ ನಟ್ ಬಿಚ್ಚುತ್ತಾ ಸ್ಪ್ಯಾನರ್ ಎಂಜಿನ್‌ಗೆ ತಗುಲಿದರೆ ಶಾರ್ಟ್. ಕಿಡಿ ಹಾರುತ್ತದೆ, ಬ್ಯಾಟರಿ ಸುತ್ತ ಹೈಡ್ರೋಜನ್ ಗ್ಯಾಸ್ ಇದ್ದರೆ ಬ್ಯಾಟರಿಯೇ ಸಿಡಿಯಬಹುದು. ವಾಪಸ್ ಹಾಕುವಾಗ ಉಲ್ಟಾ: ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಕೈಯ ಉಂಗುರ, ಸ್ಟೀಲ್ ಕಡಗ ತೆಗೆದಿಡಿ.

ಈಗ ಹಳೆ ವೈರ್‌ನ ಒಂದು ತುದಿ ಹಿಡಿದು ಒಂದಿಂಚು ಸಿಪ್ಪೆ ಸುಲಿಯಿರಿ. ಕೆಂಪಗೆ ಹೊಳೆಯಬೇಕಿದ್ದ ತಾಮ್ರ ಕಪ್ಪಾಗಿರುತ್ತದೆ, ಬೆರಳಿಗೆ ಹಸಿರು ಪುಡಿ ಅಂಟುತ್ತದೆ. ಒಂದು ಗೇಣು ಕತ್ತರಿಸಿ ಮತ್ತೆ ಸುಲಿಯಿರಿ, ಇನ್ನೂ ಕಪ್ಪು. ಇನ್ನೊಂದು ಗೇಣು, ಅಲ್ಲೂ ಕಪ್ಪು. ಎಳೆಗಳ ನಡುವಿನ ಸಂದಿಯಲ್ಲಿ ಉಪ್ಪುನೀರು ಒಳಗೊಳಗೇ ಏರಿಕೊಂಡು ಹೋಗುತ್ತದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಹೊಸದರ ಹಾಗೆ ಇರುತ್ತದೆ. ಹಾಗಾಗಿ 'ತುದಿ ಕತ್ತರಿಸಿ ಮತ್ತೆ ಜೋಡಿಸೋಣ' ಅನ್ನುವುದು ನಡೆಯುವುದಿಲ್ಲ. ಪೂರ್ತಿ ತೆಗೆಯಿರಿ. ಪೈಪಿನೊಳಗಿಂದ ಎಳೆಯುವಾಗ ಹಿಂಬದಿಗೆ ನೈಲಾನ್ ದಾರ ಕಟ್ಟಿ ಎಳೆದರೆ ಹೊಸ ವೈರ್ ಎಳೆಯಲು ದಾರಿ ಸಿದ್ಧ. ಹೊಸ ವೈರ್ ಜೊತೆಗೂ ಒಂದು ದಾರ ಒಳಗೇ ಬಿಡಿ, ಮುಂದೆ ಬೇಕಾಗುತ್ತದೆ.

ಕಾಗದದ ಮೇಲಿನ ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ಎಷ್ಟು ಕರೆಂಟ್ ಬೇಕು ಅಂತ ಬರೆಯಿರಿ. ವ್ಯಾಟ್ ಅನ್ನು 12ರಿಂದ ಭಾಗಿಸಿದರೆ ಆಂಪಿಯರ್, ಅಷ್ಟೆ. ಒಂದು ಉದಾಹರಣೆ ನೋಡಿ. ನಾಲ್ಕು ನ್ಯಾವಿಗೇಷನ್ ಎಲ್‌ಇಡಿ ಸೇರಿ 12 ವ್ಯಾಟ್ ಅಂದರೆ 1 ಆಂಪಿಯರ್, ರಾತ್ರಿ ಹತ್ತು ಗಂಟೆ ಉರಿದರೆ 10 ಆಂಪಿಯರ್-ಅವರ್. ಡೆಕ್ ಮೇಲೆ 20 ವ್ಯಾಟ್‌ನ ಎರಡು ಲೈಟ್, 3.3 ಆಂಪಿಯರ್, ನಾಲ್ಕು ಗಂಟೆಗೆ 13. ಜಿಪಿಎಸ್ ಮತ್ತು ಫಿಶ್ ಫೈಂಡರ್ ಸೇರಿ 1.2 ಆಂಪಿಯರ್ ಅಂದುಕೊಂಡರೆ 12. ವಿಎಚ್‌ಎಫ್ ರೇಡಿಯೊ ಸುಮ್ನೆ ಕೇಳುತ್ತಾ ಇರುವಾಗ ಅರ್ಧ ಆಂಪಿಯರ್, ಮಾತಾಡುವಾಗ 5–6ಕ್ಕೆ ಹಾರುತ್ತದೆ. ಒಟ್ಟು 6 ಹಾಕಿ. ಫೋನ್ ಚಾರ್ಜಿಂಗ್ 6. ತಳದ ನೀರು ಹೊರಹಾಕುವ ಪಂಪ್ 5 ಆಂಪಿಯರ್‌ನದು, ಅರ್ಧ ಗಂಟೆ ಓಡಿದರೆ 2.5. ಎಲ್ಲ ಕೂಡಿದರೆ 50ರ ಹತ್ತಿರ.

ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಸ್ಸು ಕಡಿಮೆ. ಹಾಗಾಗಿ 50 ಬೇಕಾದರೆ 100ರ ಬ್ಯಾಟರಿ. ಎಂಜಿನ್ ಸ್ಟಾರ್ಟಿಗೆ ಇನ್ನೊಂದು, ಬೇರೆ. ಒಂದೇ ಬ್ಯಾಟರಿಯಲ್ಲಿ ಎಲ್ಲ ನಡೆಸುವವರು ತುಂಬಾ ಜನ ಇದ್ದಾರೆ, ದುಡ್ಡಿನ ವಿಷಯ ನನಗೂ ಗೊತ್ತು. ಆದರೆ ದಡದಿಂದ ದೂರ, ರಾತ್ರಿಯೆಲ್ಲ ಲೈಟ್ ಉರಿದು, ಬೆಳಗಿನ ಜಾವ ಸೆಲ್ಫ್ 'ಟಿಕ್' ಅಂತ ಮಾತ್ರ ಅಂದರೆ ಏನು ಮಾಡುತ್ತೀರಿ? ಬೇರೆ ಯಾವುದರಲ್ಲಾದರೂ ಉಳಿಸಿ, ಇದರಲ್ಲಿ ಬೇಡ.

ಎರಡು ಬ್ಯಾಟರಿ ನಡುವೆ ವಿಎಸ್ಆರ್ ಅನ್ನುವ ರಿಲೇ ಹಾಕಿದರೆ ತಲೆನೋವು ಕಡಿಮೆ. ಎಂಜಿನ್ ಓಡಿ ವೋಲ್ಟೇಜ್ 13.3ರ ಮೇಲೆ ಏರಿದಾಗ ಎರಡನ್ನೂ ಸೇರಿಸಿ ಚಾರ್ಜ್ ಮಾಡುತ್ತದೆ, 12.8ರ ಹತ್ತಿರ ಇಳಿದಾಗ ಬೇರೆ ಮಾಡುತ್ತದೆ, ಕಂಪನಿಯಿಂದ ಕಂಪನಿಗೆ ಅಂಕಿ ಸ್ವಲ್ಪ ಆಚೀಚೆ. ಕೈಯಿಂದ ತಿರುಗಿಸುವ 1-2-ಬೋತ್-ಆಫ್ ಸ್ವಿಚ್ ಕೂಡ ಆಗುತ್ತದೆ. ಆದರೆ ಎಂಜಿನ್ ಓಡುತ್ತಿರುವಾಗ ಯಾರಾದರೂ ಅದನ್ನು ಆಫ್‌ಗೆ ತಿರುಗಿಸಿದರೆ ಆಲ್ಟರ್ನೇಟರಿನ ಡಯೋಡ್ ಸುಟ್ಟುಹೋಗಬಹುದು. ದೋಣಿಯಲ್ಲಿ ಐದಾರು ಜನ ಇದ್ದಾಗ 'ಯಾರಾದರೂ' ಇದ್ದೇ ಇರುತ್ತಾರೆ.

ಯಾವ ವೈರ್, ಎಷ್ಟು ದಪ್ಪ

ಮನೆಗೆ ಹಾಕುವ ವೈರ್ ಬೇಡ. ಅದರ ತಾಮ್ರ ಬರಿ ತಾಮ್ರ. ದೋಣಿಗೆ ಬೇಕಿರುವುದು ಪ್ರತಿ ಎಳೆಗೂ ತವರದ ಲೇಪ ಇರುವ ಟಿನ್ಡ್ ಕಾಪರ್ ವೈರ್, ಅಂದರೆ ಅಡುಗೆ ಪಾತ್ರೆಗೆ ಹಾಕಿಸುವ ಕಲಾಯಿಯೇ. ಸುಲಿದು ನೋಡಿದರೆ ಬೆಳ್ಳಗೆ ಕಾಣುತ್ತದೆ. ಸಣ್ಣ ಎಳೆ ಜಾಸ್ತಿ ಇರುವ ಮೆತ್ತಗಿನ ವೈರೇ ಆಗಬೇಕು, ಒಂಟಿ ಕಂಬಿಯ ವೈರ್ ಎಂಜಿನ್ ಅದುರುವಿಕೆಗೆ ಮುರಿಯುತ್ತದೆ. ಬೆಲೆ ಜಾಸ್ತಿ, ನಿಜ. ಬೆಳ್ಳಗಿರುವುದೆಲ್ಲ ತವರ ಹಾಕಿದ ತಾಮ್ರ ಅಲ್ಲ ಅನ್ನುವುದೂ ಗೊತ್ತಿರಲಿ, ಒಳಗೆ ಅಲ್ಯೂಮಿನಿಯಂ ಇರುವ ಅಗ್ಗದ ವೈರ್ ಕೂಡ ಸಿಗುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಕೆಂಪು ಕಾಣಬೇಕು.

ದಪ್ಪದ ಲೆಕ್ಕಕ್ಕೆ ಒಂದೇ ಸೂತ್ರ: ಹೋಗಿ ಬರುವ ಒಟ್ಟು ಉದ್ದ ಮೀಟರಿನಲ್ಲಿ, ಅದಕ್ಕೆ ಆಂಪಿಯರ್ ಗುಣಿಸಿ, 0.0175ರಿಂದ ಗುಣಿಸಿ, ವೈರಿನ ಸ್ಕ್ವೇರ್ ಎಂಎಂನಿಂದ ಭಾಗಿಸಿ. ಬರುವ ಉತ್ತರ, ದಾರಿಯಲ್ಲಿ ಕಳೆದುಹೋಗುವ ವೋಲ್ಟ್. ಪಂಪ್ 8 ಮೀಟರ್ ದೂರ ಇದೆ, 5 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಒಟ್ಟು ಉದ್ದ 16. 2.5 ಸ್ಕ್ವೇರ್ ಎಂಎಂ ಹಾಕಿದರೆ 0.56 ವೋಲ್ಟ್ ಹೋಗುತ್ತದೆ, 4 ಹಾಕಿದರೆ 0.35. ಪಂಪ್, ವಿಎಚ್‌ಎಫ್, ನ್ಯಾವಿಗೇಷನ್ ಲೈಟುಗಳಿಗೆ 3 ಶೇಕಡಾ ಮೀರಬಾರದು, 12 ವೋಲ್ಟಿಗೆ ಅದು 0.36. ಹಾಗಾಗಿ 4. ಸಣ್ಣ ಎಲ್‌ಇಡಿಗಳಿಗೆ 1.5 ಧಾರಾಳ. ಪ್ಯಾನೆಲ್‌ಗೆ ಬರುವ ಮುಖ್ಯ ವೈರ್ 10. ಸ್ಟಾರ್ಟರ್ ವೈರ್ ಬೇರೆಯೇ ಮಾತು, ಸಣ್ಣ ಡೀಸೆಲ್ ಎಂಜಿನ್ ಕೂಡ ಸ್ಟಾರ್ಟ್ ಆಗುವ ಆ ಕ್ಷಣ ನೂರಾರು ಆಂಪಿಯರ್ ಎಳೆಯುತ್ತದೆ. 35 ಅಥವಾ 50 ಸ್ಕ್ವೇರ್ ಎಂಎಂ ಹಾಕಿ, ಆದಷ್ಟು ಗಿಡ್ಡ ಇರಲಿ.

ಇನ್ನೊಂದು ಮಾತು. ಲಾರಿ, ಆಟೋಗಳಲ್ಲಿ ಪಾಸಿಟಿವ್ ವೈರ್ ಒಂದೇ ಎಳೆದು ನೆಗೆಟಿವ್ ಅನ್ನು ಬಾಡಿಗೆ ಕೊಡುತ್ತಾರೆ. ಆಟೋ ಎಲೆಕ್ಟ್ರಿಷಿಯನ್ ದೋಣಿಗೆ ಬಂದರೆ ಅದೇ ರೂಢಿಯಲ್ಲಿ ಲೈಟಿನ ನೆಗೆಟಿವ್ ತಂದು ಎಂಜಿನ್‌ಗೆ ಸಿಕ್ಕಿಸಿ ಹೋಗುತ್ತಾರೆ. ಬಿಡಬೇಡಿ. ಆ ಕರೆಂಟ್ ಎಂಜಿನ್, ಶಾಫ್ಟ್ ದಾರಿ ಹಿಡಿದರೆ ಲೋಹ ತಿನ್ನಲು ಶುರು ಮಾಡುತ್ತದೆ. ಪ್ರತಿ ಸಾಮಾನಿನ ನೆಗೆಟಿವ್ ವೈರೂ ಪ್ಯಾನೆಲ್‌ನ ನೆಗೆಟಿವ್ ಬಸ್‌ಬಾರ್‌ಗೆ, ಅಂದರೆ ಎಲ್ಲ ನೆಗೆಟಿವ್ ಸೇರುವ ಲೋಹದ ಪಟ್ಟಿಗೆ, ವಾಪಸ್ ಬರಲೇಬೇಕು.

ಫ್ಯೂಸ್

ಫ್ಯೂಸ್ ಕಾಯುವುದು ಲೈಟನ್ನಲ್ಲ, ವೈರನ್ನು. ಇದು ತಲೆಗೆ ಹೋದರೆ ಉಳಿದದ್ದು ಸುಲಭ. ಬ್ಯಾಟರಿ ಪಾಸಿಟಿವ್‌ನಿಂದ 18 ಸೆಂಟಿಮೀಟರ್ ಒಳಗೆ, ಅಂದರೆ ಒಂದು ಗೇಣಿಗಿಂತ ತುಸು ಕಡಿಮೆ ಅಳತೆಯಲ್ಲಿ, ಮುಖ್ಯ ಫ್ಯೂಸ್ ಇರಬೇಕು. ಅದಕ್ಕಿಂತ ಮುಂಚಿನ ವೈರ್ ಉಜ್ಜಿ ಶಾರ್ಟ್ ಆದರೆ ಅದನ್ನು ನಿಲ್ಲಿಸುವವರು ಯಾರೂ ಇಲ್ಲ. ಸ್ಟಾರ್ಟರ್ ವೈರ್ ಮಾತ್ರ ಇದಕ್ಕೆ ಹೊರತು, ಅದಕ್ಕೆ ಸಾಮಾನ್ಯವಾಗಿ ಫ್ಯೂಸ್ ಹಾಕುವುದಿಲ್ಲ. ಅದಕ್ಕೇ ಅದು ಎಲ್ಲೂ ಉಜ್ಜದಂತೆ ಕೂರಿಸುವುದು ಮುಖ್ಯ. 10 ಸ್ಕ್ವೇರ್ ಎಂಎಂ ಮುಖ್ಯ ವೈರಿಗೆ 40 ಆಂಪಿಯರ್, 2.5ಕ್ಕೆ 15, 1.5ಕ್ಕೆ 10. ಪ್ಯಾನೆಲ್‌ನಲ್ಲಿ ಕಾರಿನ ಬ್ಲೇಡ್ ಫ್ಯೂಸ್ ಸಾಕು, ಬಣ್ಣ ನೋಡಿದರೆ ಗೊತ್ತಾಗುತ್ತದೆ: 10 ಕೆಂಪು, 15 ನೀಲಿ, 20 ಹಳದಿ. ಸಾಮಾನಿನ ಜೊತೆ ಬಂದ ಪುಸ್ತಕದಲ್ಲಿ ಇದಕ್ಕಿಂತ ಚಿಕ್ಕ ಫ್ಯೂಸ್ ಹೇಳಿದ್ದರೆ ಚಿಕ್ಕದನ್ನೇ ಹಾಕಿ. ಹಾರಿದ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ವಿದ್ಯೆ ಇದೆಯಲ್ಲ, ಅದು ಫೈಬರ್ ದೋಣಿಗೆ ಬೆಂಕಿ ಇಡುವ ವಿದ್ಯೆ.

ನೀರು ಏರಿದಾಗ ಪಂಪನ್ನು ತಾನಾಗಿ ಓಡಿಸುವ ಫ್ಲೋಟ್ ಸ್ವಿಚ್ಚಿನ ವೈರ್ ಮಾತ್ರ ಮೇನ್ ಸ್ವಿಚ್ ಮೂಲಕ ಹೋಗಬಾರದು. ಬ್ಯಾಟರಿಯಿಂದ ತನ್ನದೇ ಫ್ಯೂಸ್ ಮೂಲಕ ನೇರ ಬರಬೇಕು. ದಕ್ಕೆಯಲ್ಲಿ ದೋಣಿ ಕಟ್ಟಿ, ಎಲ್ಲ ಆಫ್ ಮಾಡಿ ಮನೆಗೆ ಹೋಗಿ ಮಲಗಿದಾಗಲೇ ತಾನೇ ಅದರ ಕೆಲಸ ಇರುವುದು.

ಜಾಯಿಂಟ್: ಅಸಲಿ ಕೆಲಸ ಇಲ್ಲೇ

ಬೇಕಿರುವುದು ಟಿನ್ಡ್ ಲಗ್, ರ‍್ಯಾಚೆಟ್ ಇರುವ ಕ್ರಿಂಪಿಂಗ್ ಪ್ಲೈಯರ್, ಒಳಗೆ ಅಂಟು ಇದ್ದು ಕಾಯಿಸಿದರೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್. ಕಟಿಂಗ್ ಪ್ಲೈಯರ್‌ನಲ್ಲಿ ಒತ್ತಿದ ಲಗ್ ನೋಡಲು ಗಟ್ಟಿ, ಒಳಗೆ ಸಡಿಲ.

ಮೊದಲು ಸ್ಲೀವ್ ಅನ್ನು ವೈರಿಗೆ ತೂರಿಸಿ, ಇದು ಮರೆತರೆ ಮತ್ತೆ ಮೊದಲಿಂದ. ಲಗ್ಗಿನ ಕೊಳವೆ ಎಷ್ಟು ಉದ್ದವೋ ಅಷ್ಟೇ ಸುಲಿಯಿರಿ, ಒಂದು ಎಳೆಯೂ ತುಂಡಾಗಬಾರದು. ಎಳೆಗಳನ್ನು ಹಗುರಾಗಿ ತಿರುಚಿ ಒಳಗೆ ತೂರಿಸಿ, ರ‍್ಯಾಚೆಟ್ ತಾನಾಗಿ ಬಿಡುವವರೆಗೆ ಒತ್ತಿ. ಆಮೇಲೆ ಲಗ್ ಒಂದು ಕೈಯಲ್ಲಿ, ವೈರ್ ಇನ್ನೊಂದು ಕೈಯಲ್ಲಿ ಹಿಡಿದು ಜೋರಾಗಿ ಜಗ್ಗಿ. ಬಂತೋ, ಈಗಲೇ ಬಂದಿದ್ದು ಒಳ್ಳೆಯದು. ಬರಲಿಲ್ಲವೋ, ಸ್ಲೀವ್ ಮುಂದೆ ಸರಿಸಿ ಹೀಟ್ ಗನ್ನಿನಿಂದ ಕಾಯಿಸಿ. ಮಧ್ಯದಿಂದ ಶುರು ಮಾಡಿ ಎರಡೂ ತುದಿಗೆ ಹೋಗಿ. ಸ್ಲೀವ್ ಕುಗ್ಗಿ ಅಂಚಿನಲ್ಲಿ ಅಂಟು ಜಿನುಗಿ ಸಣ್ಣ ಉಂಗುರದ ಹಾಗೆ ಕಾಣಬೇಕು. ಆ ಉಂಗುರ ಕಂಡರೆ ಮಾತ್ರ ಸೀಲ್ ಆಯಿತು ಅಂತ ಲೆಕ್ಕ. ಲೈಟರ್ ಬಳಸಿದರೆ ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ ಉಳಿಯುತ್ತದೆ.

ಬೆಸುಗೆ ಹಾಕಬಾರದಾ ಅಂತ ಕೇಳುತ್ತಾರೆ. ಬೆಸುಗೆ ಹಾಕಿದ ಜಾಗದಲ್ಲಿ ವೈರ್ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ, ಆ ಗಟ್ಟಿ ಮುಗಿಯುವ ಅಂಚಿನಲ್ಲೇ ಅದುರಿ ಅದುರಿ ಮುರಿಯುತ್ತದೆ. ಬರಿ ಬೆಸುಗೆಯನ್ನೇ ನಂಬಬೇಡಿ. ಮತ್ತೆ, ಜಾಯಿಂಟ್ ಮೇಲೆ ಸಿಲಿಕಾನ್ ಮೆತ್ತುವ ಅಭ್ಯಾಸ ಇದ್ದರೆ ಟ್ಯೂಬ್ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅದು ಒಣಗುವಾಗ ಆಸಿಡ್ ಬಿಡುವ ಜಾತಿ, ತಾಮ್ರವನ್ನು ತಾನೇ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನು ತನ್ನಿ.

ಪಂಪಿನ ಹತ್ತಿರ ಜಾಯಿಂಟ್ ತಪ್ಪಿಸಲು ಆಗುವುದಿಲ್ಲ, ಅದರ ವೈರೇ ಗಿಡ್ಡ. ಆದರೆ ಆ ಜಾಯಿಂಟ್ ತಳದ ನೀರಿನಲ್ಲಿ ಬಿದ್ದಿರಬಾರದು. ಎಷ್ಟು ಮೇಲೆ ತರಲು ಆಗುತ್ತದೋ ಅಷ್ಟು ಮೇಲೆ ತಂದು ಕಟ್ಟಿ. ಪಾಸಿಟಿವ್ ವೈರ್ ನೀರಿನಲ್ಲಿ ಸ್ವಲ್ಪ ತೆರೆದಿದ್ದರೂ ಅಲ್ಲಿಂದ ಕರೆಂಟ್ ಸೋರಿ ಶಾಫ್ಟ್, ಫ್ಯಾನ್ (ಪ್ರೊಪೆಲ್ಲರ್) ತಿನ್ನುತ್ತದೆ. ಅವನ್ನು ಉಳಿಸಲು ಹಾಕಿದ ಜಿಂಕ್ ತುಂಡು ಬೇಗ ಬೇಗ ಕರಗುತ್ತಿದ್ದರೆ ಮೊದಲು ಇಲ್ಲಿ ಹುಡುಕಿ.

ವೈರ್ ಎಳೆಯುವುದು

ಅಂಚಿನ ಕೆಳಗೆ, ಆದಷ್ಟು ಎತ್ತರದಲ್ಲಿ, ಪಿವಿಸಿ ಪೈಪಿನೊಳಗೆ. ಪೈಪಿನ ತಗ್ಗು ಜಾಗದಲ್ಲಿ ಸಣ್ಣ ತೂತು ಹೊಡೆಯಿರಿ, ಒಳಗೆ ಬಂದ ನೀರು ಅಲ್ಲೇ ನಿಲ್ಲಬಾರದು. ಪೈಪ್ ಇಲ್ಲದ ಕಡೆ 45 ಸೆಂಟಿಮೀಟರಿಗೆ ಒಂದು ಕ್ಲಿಪ್. ಬಲೆ ಎಳೆಯುವ ಮಗ್ಗುಲು ಬಿಟ್ಟು ಆಚೆ ಮಗ್ಗುಲಲ್ಲಿ ಒಯ್ಯಿರಿ, ಬಲೆ ಸಿಕ್ಕಿಕೊಂಡರೆ ವೈರ್ ಉಳಿಯುವುದಿಲ್ಲ. ಸೈಲೆನ್ಸರ್ ಪೈಪಿನಿಂದ ದೂರ. ಲೈಟ್ ಅಥವಾ ಪ್ಯಾನೆಲ್ ಒಳಗೆ ಹೋಗುವ ಮುಂಚೆ ವೈರ್ ಒಮ್ಮೆ ಕೆಳಗೆ ಇಳಿದು ಮೇಲೆ ಏರುವ ಹಾಗೆ ಬಿಡಿ, ವೈರ್ ಹಿಡಿದು ಬರುವ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ದಿಕ್ಸೂಚಿ ಇದ್ದರೆ ಅದರ ಪಕ್ಕದ ಪಾಸಿಟಿವ್, ನೆಗೆಟಿವ್ ಎರಡನ್ನೂ ಒಂದಕ್ಕೊಂದು ಹೊಸೆದು ಒಯ್ಯಿರಿ. ಬೇರೆ ಬೇರೆ ಹೋದರೆ ಕರೆಂಟ್ ಹರಿದಾಗ ಮುಳ್ಳು ವಾಲುತ್ತದೆ. ಕೆಲಸ ಮುಗಿದ ಮೇಲೆ ಒಂದೊಂದೇ ಸ್ವಿಚ್ ಹಾಕಿ ಮುಳ್ಳು ಅಲುಗುತ್ತದಾ ನೋಡಿ.

ದೀಪಗಳ ಬಗ್ಗೆ ಚಿಕ್ಕದಾಗಿ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು. 12 ಮೀಟರಿಗಿಂತ ಚಿಕ್ಕ ದೋಣಿಗೆ ಅವೆರಡರ ಜೊತೆ ಸುತ್ತಲೂ ಕಾಣುವ ಒಂದು ಬಿಳಿ ದೀಪ ನಡೆಯುತ್ತದೆ. ಬಲೆ ಬಿಟ್ಟಿರುವಾಗ ಮೇಲೆ ಕೆಂಪು, ಕೆಳಗೆ ಬಿಳಿ, ಎರಡೂ ಸುತ್ತಲೂ ಕಾಣುವಂಥದ್ದು; ಟ್ರಾಲ್ ಎಳೆಯುವವರಿಗೆ ಕೆಂಪಿನ ಜಾಗದಲ್ಲಿ ಹಸಿರು. ಇವಕ್ಕೆ ಬೇರೆ ಸ್ವಿಚ್ ಕೊಡಿ. ಡೆಕ್ ಲೈಟಿನ ಬೆಳಕು ಇವನ್ನು ನುಂಗಬಾರದು, ಅದನ್ನು ಕೆಳಮುಖವಾಗಿ ಕೂರಿಸಿ. ಮೀನು ಸೆಳೆಯಲು ದೊಡ್ಡ ಎಲ್‌ಇಡಿ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ, ಕೇಂದ್ರ ಸರ್ಕಾರ 2017ರಲ್ಲೇ ಅದನ್ನು ನಿಷೇಧಿಸಿದೆ.

ವಿಎಚ್‌ಎಫ್‌ಗೂ, ದೋಣಿ ಎಲ್ಲಿದೆ ಅಂತ ತಿಳಿಸುವ, ಸರ್ಕಾರದಿಂದ ಬಂದ ಟ್ರಾನ್ಸ್‌ಪಾಂಡರ್ ಇದ್ದರೆ ಅದಕ್ಕೂ, ಪ್ಯಾನೆಲ್‌ನಿಂದ ಪ್ರತ್ಯೇಕ ಜೋಡಿ. ಡೆಕ್ ಲೈಟಿನ ವೈರಿನಿಂದ ಕದ್ದು ಕೊಡಬೇಡಿ. ಚಾನೆಲ್ 16ರಲ್ಲಿ ಸಹಾಯ ಕೇಳಲು ಗುಂಡಿ ಒತ್ತಿದ ಹೊತ್ತಿಗೇ ಅದು 6 ಆಂಪಿಯರ್ ಕೇಳುತ್ತದೆ. ಸಣ್ಣ ವೈರಿದ್ದರೆ ವೋಲ್ಟೇಜ್ ಕುಸಿದು ಸೆಟ್ ಆಫ್ ಆಗುತ್ತದೆ, ಕೇಳುವಾಗ ಮಾತ್ರ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ.

ಪರೀಕ್ಷೆ

ಮಲ್ಟಿಮೀಟರ್ ಇಟ್ಟು '12.6 ಇದೆ, ಸರಿ ಇದೆ' ಅನ್ನುವವರು ಜಾಸ್ತಿ. ಲೋಡ್ ಇಲ್ಲದಾಗ ಕೊಳೆತ ಜಾಯಿಂಟ್ ಕೂಡ 12.6 ತೋರಿಸುತ್ತದೆ. ಸಾಮಾನು ಓಡುತ್ತಿರುವಾಗ ನೋಡಬೇಕು. ಲೈಟ್ ಅಥವಾ ಪಂಪ್ ಆನ್ ಮಾಡಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್ ಮೇಲೆ, ಇನ್ನೊಂದು ಕಡ್ಡಿ ಸಾಮಾನಿನ ಪಾಸಿಟಿವ್ ಮೇಲೆ ಇಡಿ, ಉದ್ದ ಸಾಲದಿದ್ದರೆ ಒಂದು ವೈರ್ ಜೋಡಿಸಿಕೊಳ್ಳಿ. ಕಾಣುವ ಅಂಕಿಯೇ ಆ ದಾರಿಯಲ್ಲಿ ಕಳೆದುಹೋದ ವೋಲ್ಟ್. 0.2ರ ಒಳಗಿದ್ದರೆ ಒಳ್ಳೆಯದು. ನೆಗೆಟಿವ್ ಕಡೆಯೂ ಹಾಗೇ. ಅಂಕಿ ಜಾಸ್ತಿ ಬಂದರೆ ಕಡ್ಡಿಯನ್ನು ಹಿಂದಕ್ಕೆ ತರುತ್ತಾ ಬನ್ನಿ, ಸ್ವಿಚ್, ಫ್ಯೂಸ್, ಬಸ್‌ಬಾರ್. ಎಲ್ಲಿ ಅಂಕಿ ಥಟ್ಟನೆ ಇಳಿಯುತ್ತದೋ ಅಲ್ಲೇ ಕಳ್ಳ.

ಸೋರಿಕೆ ನೋಡಲು ಫ್ಲೋಟ್ ಸ್ವಿಚ್ ಸೇರಿ ಎಲ್ಲ ಆಫ್ ಇರಲಿ. ಇಲ್ಲೂ ನೆಗೆಟಿವ್ ಮೊದಲು ಬಿಚ್ಚಿ, ಬ್ಯಾಟರಿ ಪಾಸಿಟಿವ್‌ಗೆ ಬರುವ ವೈರ್‌ಗಳನ್ನೆಲ್ಲ ಬಿಚ್ಚಿ, ನೆಗೆಟಿವ್ ವಾಪಸ್ ಹಾಕಿ. ಪಾಸಿಟಿವ್ ವೈರ್‌ಗಳನ್ನು ಒಟ್ಟು ಹಿಡಿದು, ಅವಕ್ಕೂ ಟರ್ಮಿನಲ್ಲಿಗೂ ನಡುವೆ 12 ವೋಲ್ಟಿನ ಸಣ್ಣ ಬಲ್ಬ್ ಹಿಡಿಯಿರಿ. ಹೊತ್ತಿಕೊಳ್ಳಬಾರದು. ಮಿಣುಕಿದರೂ ಎಲ್ಲೋ ಸೋರುತ್ತಿದೆ, ಫ್ಯೂಸ್ ಒಂದೊಂದೇ ಕೀಳುತ್ತಾ ಹೋಗಿ, ಯಾವುದು ಕಿತ್ತಾಗ ಆರುತ್ತದೋ ಆ ವೈರ್ ಹಿಡಿಯಿರಿ. ಕೆಲವು ಜಿಪಿಎಸ್ ಸೆಟ್‌ಗಳು ನೆನಪಿಗಾಗಿ ತುಸು ಕರೆಂಟ್ ಕುಡಿಯುತ್ತವೆ, ಅದು ಬಲ್ಬ್ ಹೊತ್ತಿಸುವಷ್ಟು ಇರುವುದಿಲ್ಲ. ಫ್ಲೋಟ್ ಸ್ವಿಚ್ಚಿಗೆ ಬಕೆಟ್‌ನಲ್ಲಿ ನೀರು ಸುರಿದೇ ನೋಡಬೇಕು, ಬೆರಳಲ್ಲಿ ಎತ್ತಿ ಬಿಟ್ಟರೆ ಸಾಲದು. ನೀರು ಇಳಿದ ಮೇಲೆ ಪಂಪ್ ನಿಲ್ಲುತ್ತದಾ ಅಂತಲೂ ನೋಡಿ.

ಎಂಜಿನ್ ಓಡಿಸಿ ಬ್ಯಾಟರಿ ಮೇಲೆ ಮೀಟರ್ ಇಡಿ. 13.8ರಿಂದ 14.4 ಬರಬೇಕು. ಕಡಿಮೆ ಬಂದರೆ ಬೆಲ್ಟ್ ನೋಡಿ, 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ಬೇಯುವ ಮುಂಚೆ ನಿಲ್ಲಿಸಿ.

ಬ್ಯಾಟರಿ ಟರ್ಮಿನಲ್ ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಿ, ಮೊದಲೇ ಸವರಬೇಡಿ. ಬ್ಯಾಟರಿ ಪೆಟ್ಟಿಗೆಗೆ ಗಾಳಿ ಆಡಲು ಜಾಗ ಇರಲಿ, ಅಲೆಗೆ ಅಲುಗದ ಹಾಗೆ ಪಟ್ಟಿ ಬಿಗಿಯಿರಿ. ಪ್ರತಿ ವೈರಿನ ಎರಡೂ ತುದಿಗೆ ನಂಬರ್ ಬರೆದು, ಅದೇ ನಂಬರಿನ ನಕ್ಷೆ ಬಿಡಿಸಿ, ಒಂದು ಪ್ರತಿ ಲ್ಯಾಮಿನೇಟ್ ಮಾಡಿ ಪ್ಯಾನೆಲ್ ಬಾಗಿಲ ಹಿಂದೆ ಅಂಟಿಸಿ, ಇನ್ನೊಂದರ ಫೋಟೋ ದೋಣಿ ನಡೆಸುವ ತಾಂಡೇಲರ ಫೋನಿಗೆ ಕಳಿಸಿ. ಮುಚ್ಚಳ ಗಟ್ಟಿ ಇರುವ ಒಂದು ಡಬ್ಬಿಯಲ್ಲಿ ಪ್ರತಿ ಅಳತೆಯ ಎರಡೆರಡು ಫ್ಯೂಸ್, ನಾಲ್ಕು ಲಗ್, ತುಂಡು ಸ್ಲೀವ್, ಎರಡು ಮೀಟರ್ ವೈರ್, ಆ ಸಣ್ಣ ಬಲ್ಬ್. ಸೀಸನ್ ಶುರುವಾಗಿ ಮೊದಲ ವಾರ ಕಳೆದ ಮೇಲೆ ಬಸ್‌ಬಾರಿನ ಸ್ಕ್ರೂಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿ, ಎಂಜಿನ್ ಅದುರಿಗೆ ಒಂದೆರಡು ಸಡಿಲ ಆಗಿಯೇ ಇರುತ್ತವೆ.